ಸೀಡ್ ಹಾಕುವ ಮುಂಚೆ ಪಿಸಿಆರ್ ಟೆಸ್ಟ್: ಎರಡು ಲ್ಯಾಬ್, ಎರಡು ಕ್ರಾಪ್, ನಮ್ಮ ಅನುಭವ

ನಾವು ಕುಂದಾಪುರ ಕಡೆಯವರು. ಪಂಚಗಂಗಾವಳಿ ಹೊಳೆ ಬದಿಯಲ್ಲಿ ಎರಡು ಸಿಗಡಿ ಕೆರೆ ಲೀಸಿಗೆ ತಕೊಂಡು ವೆನಾಮಿ ಜಾತಿಯ ಸಿಗಡಿ ಮಾಡ್ತೇವೆ, ನಾನು ಮತ್ತೆ ನನ್ನ ಅಣ್ಣ. ಸಿಗಡಿಗೆ ರೋಗ ಉಂಟಾ ಇಲ್ವಾ ಅಂತ ನೋಡಿ ಹೇಳುವ ಲ್ಯಾಬ್ ಬಗ್ಗೆ ಈ ರಿವ್ಯೂ. ನಾವು ಹುಡುಕ್ತಾ ಇದ್ದಾಗ ಕನ್ನಡದಲ್ಲಿ ಇಂಥದ್ದು ಒಂದೂ ಸಿಗ್ಲಿಲ್ಲ, ಸಿಕ್ಕಿದ್ದಿದ್ರೆ ಲ್ಯಾಬಿನವರ ಹತ್ರ ಎಂತ ಕೇಳ್ಬೇಕು ಅಂತಾದ್ರೂ ಗೊತ್ತಿರ್ತಿತ್ತು, ಹಾಗಾಗಿ ಉದ್ದ ಆದ್ರೂ ಪೂರ್ತಿ ಬರೀತೇನೆ, ಕೆರೆ ಮಾಡುವವರು ಪುರುಸೊತ್ತು ಮಾಡ್ಕೊಂಡು ಓದಿ.

ಲ್ಯಾಬಿನ ಹೆಸರು ಎರಡರದ್ದೂ ಹಾಕೂದಿಲ್ಲ. ಮೊದಲನೇದ್ರಲ್ಲಿ ನಮಗಾದದ್ದು ಒಂದೇ ಸಲದ ಅನುಭವ, ಈಗ ಅಲ್ಲಿ ಬೇರೆ ಜನ ಇರಬಹುದು, ಕೆಲಸದ ರೀತಿ ಬದಲಾಗಿರಬಹುದು. ಎರಡನೇದು ಮಂಗಳೂರು ಕಡೆಯ ಸಣ್ಣ ಲ್ಯಾಬ್, ಇಬ್ಬರು ಮೇಡಂ ಮತ್ತೆ ಒಬ್ಬ ಹುಡುಗ ಇಷ್ಟೇ ಜನ, ಈಗಲೇ ಅವರಿಗೆ ಕೆಲಸ ತುಂಬಿ ಹೋಗಿದೆ. ಸ್ಟಾರ್ ಕೊಡೂದಾದ್ರೆ ಮೊದಲನೇದಕ್ಕೆ ಐದ್ರಲ್ಲಿ ಒಂದೂವರೆ, ಎರಡನೇದಕ್ಕೆ ನಾಲ್ಕೂವರೆ. ಅರ್ಧ ಯಾಕೆ ಕಟ್ ಮಾಡಿದೆ ಅಂತ ಆಮೇಲೆ ಹೇಳ್ತೇನೆ.

ಕಳೆದ ವರ್ಷ ಜನವರಿ ಕೊನೆಗೆ ಸೀಡ್, ಅಂದ್ರೆ ಸಿಗಡಿ ಮರಿ, ಹಾಕಿದ್ದು. ಆಂಧ್ರದ ಹ್ಯಾಚರಿ (ಮರಿ ಮಾಡಿ ಮಾರುವ ಕಡೆ) ಸೀಡ್, ನಡುವೆ ಒಬ್ಬ ಏಜೆಂಟ್. ಟೆಸ್ಟ್ ಮಾಡಿಸದೆ ಸೀಡ್ ಹಾಕಬಾರ್ದು ಅಂತ ನಮಗೂ ಗೊತ್ತು, ಏಜೆಂಟಿಗೆ ಹೇಳಿದ್ದಕ್ಕೆ ಅವನೇ ಸ್ಯಾಂಪಲ್ ತಕೊಂಡು ಹೋಗಿ ಲ್ಯಾಬಿಗೆ ಕೊಟ್ಟ, ಮರುದಿನ ಬೆಳಿಗ್ಗೆ ವಾಟ್ಸಾಪಿಗೆ ರಿಪೋರ್ಟ್ ಬಂತು. ಒಂದೇ ಹಾಳೆ. ವೈಟ್ ಸ್ಪಾಟ್ ನೆಗೆಟಿವ್, ಇಎಚ್‌ಪಿ ನೆಗೆಟಿವ್ (ಮೊದಲನೇದು ಸಿಗಡಿಯ ವೈರಸ್ ರೋಗ, ಎರಡನೇದು ಇನ್ನೊಂದು ರೋಗ, ಮುಂದೆ ಹೇಳ್ತೇನೆ), ಕೆಳಗೆ ಒಂದು ಸೀಲು. ಎಷ್ಟು ಮರಿ ನೋಡಿದ್ರು, ಯಾವ ರೀತಿಯ ಪಿಸಿಆರ್ (ರೋಗಾಣುವಿನ ಡಿಎನ್ಎ ಹುಡುಕುವ ಟೆಸ್ಟ್) ಮಾಡಿದ್ರು, ಸ್ಯಾಂಪಲ್ ಯಾವ ಸ್ಥಿತಿಯಲ್ಲಿ ಅವರ ಕೈಗೆ ಸೇರಿತು, ಒಂದು ಅಕ್ಷರ ಇಲ್ಲ. ನಮಗೆ ಆಗ ಅದು ಯಾವುದೂ ಬೇಕು ಅಂತ ಅನ್ನಿಸ್ಲೂ ಇಲ್ಲ. ನೆಗೆಟಿವ್ ಅಂತ ಕಂಡದ್ದೇ ಖುಷಿಯಲ್ಲಿ ಎರಡೂ ಕೆರೆಗೆ ಸೀಡ್ ಬಿಟ್ಟಾಯ್ತು.

38ನೇ ದಿನ ಬೆಳಿಗ್ಗೆ ಆರೂವರೆಗೆ ಕೆರೆ ನೋಡ್ಕೊಳ್ಳುವ ಅಣ್ಣ ಫೋನ್ ಮಾಡಿದ್ರು. "ಫೀಡ್ ಹಾಂಗೇ ಇತ್ತ್ ಅಕ್ಕ, ಒಂಚೂರೂ ಮುಟ್ಲಿಲ್ಲ." ಸಿಗಡಿ ಎಷ್ಟು ತಿಂತು ಅಂತ ನೋಡ್ಲಿಕ್ಕೆ ಕೆರೆಗೆ ಇಳಿಸಿಡುವ ಚೆಕ್ ಟ್ರೇಯಲ್ಲಿ ರಾತ್ರಿ ಹಾಕಿದ ಫೀಡ್ ನೀರಲ್ಲಿ ನೆನೆದು ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಹೋಗುವಾಗ ದಂಡೆ ಬದಿಯಲ್ಲಿ ಹತ್ತು ಹದಿನೈದು ಸಿಗಡಿ ಮೇಲಕ್ಕೆ ಬಂದು ಒಂದೇ ಕಡೆ ಓರೆಯಾಗಿ ಈಜ್ತಾ ಇತ್ತು, ಕೈ ಹಾಕಿದ್ರೆ ತಪ್ಪಿಸ್ಕೊಳ್ಳುವ ಶಕ್ತಿಯೂ ಇರ್ಲಿಲ್ಲ. ಒಳ್ಳೆ ಆರೋಗ್ಯದ ವೆನಾಮಿಯನ್ನ ಕೈಯಲ್ಲಿ ಹಿಡಿಯೂದು ಎಷ್ಟು ಕಷ್ಟ ಅಂತ ಹಿಡಿದವರಿಗೇ ಗೊತ್ತು, ಚಟಕ್ ಅಂತ ಹಾರಿ ಹೋಗ್ತದೆ. ಇದು ಅಂಗೈಯಲ್ಲಿ ಸುಮ್ಮನೆ ಮಲಗಿತ್ತು. ಮೈ ಸ್ವಲ್ಪ ಕೆಂಪು. ತಲೆ ಮೇಲಿನ ಚಿಪ್ಪನ್ನ ಉಗುರಲ್ಲಿ ಎತ್ತಿ ತೆಗೆದು ಬೆಳಕಿಗೆ ಹಿಡಿದೆ, ಒಳಗಡೆ ಸಾಸಿವೆಗಿಂತ ಸಣ್ಣ ಬಿಳಿ ಬೊಟ್ಟುಗಳು, ಬೆರಳಲ್ಲಿ ಒರೆಸಿದ್ರೆ ಹೋಗೂದಿಲ್ಲ. ಹೋಗೂದಿಲ್ಲ ಯಾಕಂದ್ರೆ ಅದು ಮೇಲೆ ಅಂಟಿದ ಕೊಳೆ ಅಲ್ಲ, ಚಿಪ್ಪಿನ ಒಳಗೇ ಸುಣ್ಣದ ಅಂಶ ಗಂಟು ಕಟ್ಟಿದ್ದು. ವೆನಾಮಿಯಲ್ಲಿ ಎಲ್ಲಾ ಸಲ ಈ ಬೊಟ್ಟು ಇಷ್ಟು ಚಂದ ಕಾಣೂದೂ ಇಲ್ಲ, ಬರೀ ಮೈ ಕೆಂಪಾಗಿ ಸಾಯೂದೂ ಉಂಟು, ಹಾಗಾಗಿ ಬೊಟ್ಟು ಇಲ್ಲ ಅಂತ ಯಾರೂ ಧೈರ್ಯ ಮಾಡ್ಬೇಡಿ.

ಆರು ದಿನದಲ್ಲಿ ಒಂದು ಕೆರೆ ಪೂರ್ತಿ ಹೋಯ್ತು, ಎರಡನೇದು ಅದರ ಹಿಂದೆಯೇ. ವೈಟ್ ಸ್ಪಾಟ್ ಒಮ್ಮೆ ಹೊತ್ತಿಕೊಂಡ್ರೆ 3ರಿಂದ 10 ದಿನದ ಒಳಗೆ ಕೆರೆ ಖಾಲಿ ಆಗ್ತದೆ ಅಂತ ಪುಸ್ತಕದಲ್ಲಿ ಇರೂದು ಸರಿಯಾಗೇ ಉಂಟು. ಸಣ್ಣ ಸೈಜು, ಮಾರಾಟಕ್ಕೂ ಬರೂದಿಲ್ಲ. ಅಕ್ಕಪಕ್ಕದವರು ಗೇಟ್ ತೆಗೆದು ನೀರು ಬಿಟ್ಟು ಬಿಡಿ ಅಂದ್ರು, ನನ್ನ ಅಣ್ಣ ಒಪ್ಲಿಲ್ಲ, ಆ ಹೊಳೆ ನೀರೇ ಅಲ್ವಾ ನಾಳೆ ಕೆಳಗಿನವರು ಪಂಪ್ ಮಾಡೂದು, ಹೊಳೆಯ ಏಡಿಗೂ ಚಟ್ಲಿಗೂ ಇದೇ ವೈರಸ್ ತಾಗ್ತದೆ. ಬ್ಲೀಚಿಂಗ್ ಹಾಕಿ, ಗೇಟ್ ಮುಚ್ಚಿ ಇಟ್ಟು, ಸತ್ತದ್ದನ್ನ ಸುಣ್ಣ ಹಾಕಿ ಹೂತದ್ದು. ಆ ವಾಸನೆ ಇಡೀ ವಾರ ಬಟ್ಟೆಯಿಂದ ಹೋಗ್ಲಿಲ್ಲ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳ್ಬೇಕು. ರೋಗ ಸೀಡಿಂದಲೇ ಬಂತು ಅಂತ ನನ್ನ ಹತ್ರ ಪುರಾವೆ ಇಲ್ಲ. ಏಡಿಯಿಂದ ಬಂದಿರಬಹುದು, ನೀರಿಂದ ಬಂದಿರಬಹುದು, ಹಕ್ಕಿ ಒಂದು ಕೆರೆಯ ಸತ್ತ ಸಿಗಡಿ ಕಚ್ಚಿಕೊಂಡು ಬಂದು ಇನ್ನೊಂದಕ್ಕೆ ಬೀಳಿಸಿರಬಹುದು. ಮೊದಲ ಲ್ಯಾಬ್ ತಪ್ಪು ರಿಪೋರ್ಟ್ ಕೊಟ್ಟಿತು ಅಂತ ಹೇಳ್ತಾ ಇಲ್ಲ. ಆ ರಿಪೋರ್ಟ್ ನೋಡಿದ್ರೆ ಅದು ಸರಿಯೋ ತಪ್ಪೋ ಅಂತ ಯಾರಿಗೂ ಹೇಳ್ಲಿಕ್ಕೆ ಆಗುವ ಹಾಗೆ ಇರ್ಲಿಲ್ಲ, ನನ್ನ ತಕರಾರು ಅಷ್ಟೇ, ಆದ್ರೆ ಅದು ಸಣ್ಣ ತಕರಾರಲ್ಲ.

ಅಪ್ಪ ತೊಂಬತ್ತರ ದಶಕದಲ್ಲಿ ಇದೇ ಹೊಳೆ ಬದಿ ಟೈಗರ್ ಸಿಗಡಿ ಮಾಡಿದವರು. ವೈಟ್ ಸ್ಪಾಟ್ 1992ರ ಹೊತ್ತಿಗೆ ತೈವಾನ್, ಚೀನಾ ಕಡೆ ಶುರುವಾಗಿ 1994-95ಕ್ಕೆ ನಮ್ಮ ದೇಶಕ್ಕೆ ಬಂತು, ಆಂಧ್ರ ತಮಿಳುನಾಡು ಆಗಿ ನಮ್ಮ ಕರಾವಳಿಗೂ ಬಂತು. ಆಗ ರೈತರ ಕೈಗೆ ಯಾವ ಟೆಸ್ಟೂ ಇರ್ಲಿಲ್ಲ, ಹವೆ ಸರಿ ಇಲ್ಲ ಅಂದ್ರು, ನೀರು ಸರಿ ಇಲ್ಲ ಅಂದ್ರು, ಕಂಡ ಕಂಡ ಔಷಧಿ ಸುರಿದ್ರು. ಪಶ್ಚಿಮ ಕರಾವಳಿಯ ಸತ್ತ ಟೈಗರ್ ಸಿಗಡಿ ತಕೊಂಡು ಅದರ ಅಂಗಾಂಶ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ವೈಟ್ ಸ್ಪಾಟೇ ಅಂತ ಮೊದಲಾಗಿ ಬರೆದವರಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನವರು ಇದ್ದಾರೆ, ಡಾ. ಇಂದ್ರಾಣಿ ಕರುಣಾಸಾಗರ್ ಮತ್ತೆ ಡಾ. ಇಡ್ಯಾ ಕರುಣಾಸಾಗರ್ ಅವರ ತಂಡ, 1997ರಲ್ಲಿ ಅದು ಪ್ರಕಟ ಆಗಿದೆ. 1969ರಲ್ಲಿ ಶುರುವಾದ ಕಾಲೇಜು ಅದು, ಇಡೀ ದೇಶಕ್ಕೇ ಮೊದಲ ಮೀನುಗಾರಿಕೆ ಕಾಲೇಜು, ನಮ್ಮ ಮನೆಯಿಂದ ಬಸ್ಸಲ್ಲಿ ಹೋಗುವಷ್ಟು ದೂರ. ಆಮೇಲೆ ಅದೇ ಕಾಲೇಜಿನಲ್ಲಿ ಮೊನೊಕ್ಲೋನಲ್ ಆಂಟಿಬಾಡಿ (ಒಂದೇ ಗುರಿಗೆ ಅಂಟುವ ಪ್ರೋಟೀನು) ಬಳಸಿ ಕೆರೆ ಬದಿಯಲ್ಲೇ ವೈಟ್ ಸ್ಪಾಟ್ ನೋಡುವ ರಾಪಿಡಾಟ್ ಅನ್ನುವ ಕಿಟ್ ಕೂಡ ತಯಾರು ಮಾಡಿದ್ರು. ಇಷ್ಟೆಲ್ಲ ನಮ್ಮ ಊರ ಹತ್ರವೇ ಆಗಿದೆ, ಆದ್ರೆ ನಾವು ಏಜೆಂಟ್ ಕೊಟ್ಟ ಒಂದು ಹಾಳೆ ನಂಬಿ ಕೂತಿದ್ವಿ, ಅದು ನೆನೆಸಿದ್ರೆ ಈಗಲೂ ಬೇಜಾರಾಗ್ತದೆ.

ಎರಡನೇ ಲ್ಯಾಬಿಗೆ ಬರ್ತೇನೆ.

ಈ ಸಲ ಏಜೆಂಟ್ ಬೇಡ, ನಾವೇ ಸ್ಯಾಂಪಲ್ ಹಿಡ್ಕೊಂಡು ಹೋಗುವ ಅಂತ ಅಣ್ಣ ಹೇಳಿದ. ಹ್ಯಾಚರಿಯಿಂದ ಒಂದು ಸಣ್ಣ ಪ್ಯಾಕೆಟ್ ಮರಿ ತರಿಸಿ, ಐಸ್ ಡಬ್ಬದಲ್ಲಿ ಇಟ್ಟು ಬೆಳಿಗ್ಗೆ ಹೊರಟದ್ದು, ಹತ್ತೂವರೆಗೆ ಅಲ್ಲಿ. ಮೇಡಂ ಪ್ಯಾಕೆಟ್ ಬಿಚ್ಚಿ ಒಂದು ಬಿಳಿ ತಟ್ಟೆಗೆ ಸುರಿದು ನೋಡಿದ್ರು. ಎಷ್ಟು ಮರಿ ತಂದಿದ್ದೀರಿ ಅಂತ ಕೇಳಿದ್ರು, ಇಪ್ಪತ್ತು ಇಪ್ಪತ್ತೈದು ಇರಬಹುದು ಅಂದೆ. ಎಷ್ಟೊತ್ತಿಗೆ ಸತ್ತದ್ದು ಅಂತ ಕೇಳಿದ್ರು, ಗೊತ್ತಿಲ್ಲ ಅಂದೆ. "ಇದ್ರ ಮೇಲೆ ನಾನು ಟೆಸ್ಟ್ ಮಾಡಿ ಕೊಡಬಹುದು, ಆದ್ರೆ ನಿಮ್ಮ ದುಡ್ಡು ದಂಡ" ಅಂದ್ರು. ದುಡ್ಡು ತಕೊಳ್ಳದೆ ವಾಪಸ್ ಕಳಿಸಿದ್ರು. ಎರಡು ಗಂಟೆ ದಾರಿ ಬಂದದ್ದು, ನಮಗೆ ಆಗ ಸಿಟ್ಟೇ ಬಂತು. ಅದಕ್ಕೆ ಅವರು ಕೂರ್ಸಿ, ನೀರು ಕೊಟ್ಟು, ಒಂದು ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಲೆಕ್ಕ ಮಾಡಿ ತೋರಿಸಿದ್ರು, ಆ ಲೆಕ್ಕ ನನ್ನ ತಲೆಯಲ್ಲಿ ಹಾಗೇ ಕೂತಿದೆ.

ನೀವು 2 ಲಕ್ಷ ಮರಿ ತಕೊಳ್ತೀರಿ ಅಂತ ಇಟ್ಕೊಳ್ಳಿ. ಅದರಲ್ಲಿ ನೂರಕ್ಕೆ ಎರಡು ಮರಿಗೆ ಮಾತ್ರ ರೋಗ ಉಂಟು, ಅಂದ್ರೆ 4,000 ಮರಿ. ನೀವು ಅದರಿಂದ ಬರೀ 20 ಮರಿ ಹೆಕ್ಕಿ ತಂದ್ರೆ ಆ 20ರಲ್ಲಿ ಒಂದೂ ರೋಗದ್ದು ಬರದೇ ಇರುವ ಸಾಧ್ಯತೆ ನೂರಕ್ಕೆ 67. ಲ್ಯಾಬಿನವರು ಎಷ್ಟೇ ಚೆನ್ನಾಗಿ ಟೆಸ್ಟ್ ಮಾಡ್ಲಿ, ಮೂರರಲ್ಲಿ ಎರಡು ಸಲ ನೆಗೆಟಿವ್ ಬರ್ತದೆ, ಮತ್ತೆ ಆ 4,000 ಮರಿ ನಿಮ್ಮ ಕೆರೆಗೆ ಹೋಗ್ತದೆ. 150 ಮರಿ ತಂದ್ರೆ ತಪ್ಪಿ ಹೋಗುವ ಸಾಧ್ಯತೆ ನೂರಕ್ಕೆ 5ಕ್ಕೆ ಇಳೀತದೆ. ಅದಕ್ಕೇ 150. ಅದೂ ಒಂದೇ ಚೀಲದ ಒಂದೇ ಮೂಲೆಯಿಂದ ಹೆಕ್ಕಿದ 150 ಅಲ್ಲ, ಟ್ಯಾಂಕಿನ ಬೇರೆ ಬೇರೆ ಕಡೆಯಿಂದ, ಸೊರಗಿದ ಮರಿ ಕಂಡ್ರೆ ಅದನ್ನ ಬಿಡದೆ ಸೇರಿಸಿ. ನಮ್ಮಲ್ಲಿ ಹೆಚ್ಚಿನವರು ಚುರುಕಾಗಿ ಓಡಾಡುವ ಚಂದದ ಮರಿಯನ್ನೇ ಹಿಡಿದು ಲ್ಯಾಬಿಗೆ ಕೊಡೂದು, ಏಜೆಂಟ್ ಅಂತೂ ಕೇಳೂದೇ ಬೇಡ.

ವಾಪಸ್ ಹೋಗುವಾಗ ಬಾಟಲಿ ಅವರೇ ಕೊಟ್ರು, 95 ಪರ್ಸೆಂಟ್ ಎಥನಾಲ್ ಹಾಕಿದ್ದು, ಮರಿ ಒಂದು ಭಾಗ ಆದ್ರೆ ಎಥನಾಲ್ ಹತ್ತು ಭಾಗ ಇರ್ಬೇಕು, ಬಾಟಲಿ ತುಂಬ ಮರಿ ತುಂಬಿಸಿ ಮೇಲೆ ಒಂದು ಚೂರು ಎಥನಾಲ್ ಹಾಕಿದ್ರೆ ಒಳಗೆ ಕೊಳೀತದೆ ಅಂದ್ರು. ಬದುಕಿರುವ ಮರಿಯನ್ನೇ ಹಾಕ್ಬೇಕು, ಸತ್ತ ಮೇಲೆ ಅಲ್ಲ. ಫಾರ್ಮಲಿನ್‌ನಲ್ಲಿ ಹಾಕ್ಬೇಡಿ ಅಂತ ಎರಡು ಸಲ ಹೇಳಿದ್ರು, ಯಾರೋ ರೈತರು ಫಾರ್ಮಲಿನ್ ಹಾಕಿ ತಂದು ಪಾಪ ಹಾಗೇ ವಾಪಸ್ ಹೋಗಿದ್ರಂತೆ, ಅದರಲ್ಲಿ ಡಿಎನ್ಎ ಹಾಳಾಗ್ತದೆ, ಪಿಸಿಆರ್ ಸರಿ ಬರೂದಿಲ್ಲ.

ಮುಂದಿನ ವಾರ ಸರಿಯಾಗಿ ತಕೊಂಡು ಹೋದೆವು. ಈ ಸಲ ಅವರು ಕೆಲಸ ಮಾಡೂದನ್ನ ಗಾಜಿನ ಹೊರಗೆ ನಿಂತು ನೋಡ್ಲಿಕ್ಕೆ ಬಿಟ್ರು, ನನ್ಗೆ ತುಂಬಾ ಇಷ್ಟ ಆದದ್ದು ಇದೇ. ಹುಡುಗ ಒಂದೊಂದೇ ಮರಿಯನ್ನ ಚಿಮ್ಮಟದಲ್ಲಿ ಹಿಡಿದು ಬ್ಲೇಡಲ್ಲಿ ಕಣ್ಣು ಕತ್ತರಿಸಿ ಬದಿಗೆ ಹಾಕ್ತಾ ಇದ್ದ. ಯಾಕೆ ಅಂದ್ರೆ ಸಿಗಡಿಯ ಕಣ್ಣಲ್ಲಿ ಇರುವ ಏನೋ ಒಂದು ಅಂಶ ಪಿಸಿಆರ್ ಕೆಲಸವನ್ನೇ ತಡೀತದೆ, ಕಣ್ಣು ಸಮೇತ ಅರೆದ್ರೆ ವೈರಸ್ ಇದ್ರೂ ನೆಗೆಟಿವ್ ಬರಬಹುದು. ಅಕ್ಕಿ ಕಾಳಿನಷ್ಟೂ ದಪ್ಪ ಇಲ್ಲದ 150 ಮರಿ, ಪ್ರತಿಯೊಂದರ ಕಣ್ಣು. ಮುಕ್ಕಾಲು ಗಂಟೆ ಬೆನ್ನು ಬಗ್ಗಿಸಿ ಕೂತಿದ್ದ. ನಮ್ಮ ಮೊದಲ ಲ್ಯಾಬಲ್ಲಿ ಇದು ಮಾಡಿದ್ರಾ ಇಲ್ವಾ ನನ್ಗೆ ಗೊತ್ತಾಗುವ ದಾರಿಯೇ ಇರ್ಲಿಲ್ಲ.

ಅಲ್ಲಿ ಮೂರು ಕೋಣೆ. ಸಿಗಡಿ ಅರೆಯುವ ಕೋಣೆ ಬೇರೆ, ಪಿಸಿಆರ್ ಮಿಶ್ರಣ ಕಲಸುವ ಕೋಣೆ ಬೇರೆ, ಕೊನೆಗೆ ಜೆಲ್ ಓಡಿಸುವ, ಅಂದ್ರೆ ಡಿಎನ್ಎ ತುಂಡುಗಳನ್ನ ಉದ್ದದ ಪ್ರಕಾರ ಬೇರೆ ಮಾಡಿ ನೋಡುವ ಕೋಣೆ ಬೇರೆ. ಕೊನೇ ಕೋಣೆಗೆ ಹೋದವರು ಅದೇ ಕೋಟಲ್ಲಿ ಮಿಶ್ರಣದ ಕೋಣೆಗೆ ಬರೂ ಹಾಗಿಲ್ಲ. ಪಿಸಿಆರ್ ಅಂದ್ರೆ ಒಂದು ಚೂರು ಡಿಎನ್ಎಯನ್ನ ಕೋಟಿಗಟ್ಟಲೆ ನಕಲು ಮಾಡೂದು, ಆ ನಕಲಿನ ಒಂದು ಹನಿ ಕೈಯಲ್ಲೋ ಬಟ್ಟೆಯಲ್ಲೋ ಬಂದು ಹೊಸ ಟ್ಯೂಬಿಗೆ ಬಿದ್ರೆ ಒಳ್ಳೆ ಸೀಡೂ ಪಾಸಿಟಿವ್ ಅಂತ ಬರ್ತದೆ, ಹ್ಯಾಚರಿಯವನ ಹೊಟ್ಟೆ ಮೇಲೆ ಹೊಡೆದ ಹಾಗೆ ಆಗ್ತದೆ ಅಂತ ಮೇಡಂ ಹೇಳಿದ್ರು. ಹ್ಯಾಚರಿಯವರ ಬಗ್ಗೆಯೂ ಅವರಿಗೆ ಕಾಳಜಿ ಇದ್ದದ್ದು ನೋಡಿ ನನ್ಗೆ ಗೌರವ ಬಂತು.

ಮರುದಿನ ಮಧ್ಯಾಹ್ನ ಜೆಲ್ ಫೋಟೋ ಕಂಪ್ಯೂಟರಲ್ಲಿ ತೋರಿಸಿದ್ರು. ಕಪ್ಪು ಹಾಳೆ ಮೇಲೆ ಬಿಳಿ ಗೀಟುಗಳು. ಎಡಕ್ಕೆ ಅಳತೆಯ ಏಣಿ, ಅದರ ಪಕ್ಕ ರೋಗ ಇದ್ದದ್ದೇ ಹೌದು ಅಂತ ಗೊತ್ತಿರುವ ಸ್ಯಾಂಪಲ್, ಅದರ ಪಕ್ಕ ಬರೀ ನೀರು, ಆಮೇಲೆ ನಮ್ಮದು. ವೈಟ್ ಸ್ಪಾಟಿಗೆ ಎರಡು ಸುತ್ತು ಪಿಸಿಆರ್, ಮೊದಲ ಸುತ್ತಲ್ಲೇ 1,447ರ ಜಾಗದಲ್ಲಿ (ಈ ನಂಬರು ಡಿಎನ್ಎ ತುಂಡಿನ ಉದ್ದ) ಗೀಟು ಬಂದ್ರೆ ವೈರಸ್ ತುಂಬಾ ಉಂಟು, ಎರಡನೇ ಸುತ್ತಲ್ಲಿ ಮಾತ್ರ 941ರಲ್ಲಿ ಬಂದ್ರೆ ಸ್ವಲ್ಪ ಉಂಟು, ಎರಡರಲ್ಲೂ ಬರದಿದ್ರೆ ಇಲ್ಲ. ಆದ್ರೆ ಅವರು ಮೊದಲು ಬೆರಳಿಟ್ಟು ತೋರಿಸಿದ್ದು ಬೇರೆಯೇ ಒಂದು ಗೀಟು, 848ರದ್ದು. ಅದು ವೈರಸ್ಸಿಂದಲ್ಲ, ಸಿಗಡಿಯದ್ದೇ ಡಿಎನ್ಎ. ಸಿಗಡಿ ಅರೆದ ಟ್ಯೂಬಲ್ಲಿ ಸಿಗಡಿ ಡಿಎನ್ಎ ಕಾಣ್ಲೇಬೇಕಲ್ವಾ, ಅದು ಕಂಡ್ರೆ ಮಾತ್ರ ಟೆಸ್ಟ್ ಸರಿಯಾಗಿ ನಡೆದಿದೆ ಅಂತ ಅರ್ಥ. ಅದೂ ಕಾಣದೆ ವೈರಸ್ಸಿನ ಗೀಟೂ ಕಾಣದಿದ್ರೆ ಅದು ನೆಗೆಟಿವ್ ಅಲ್ಲ, ಟೆಸ್ಟೇ ಆಗ್ಲಿಲ್ಲ. ಸ್ಯಾಂಪಲ್ ಕೊಳೆತಿದ್ರೂ, ಕಣ್ಣು ತೆಗೆಯದೇ ಅರೆದ್ರೂ, ಡಿಎನ್ಎ ತೆಗೆಯುವಾಗ ಎಡವಟ್ಟಾದ್ರೂ ಹಾಗೇ ಖಾಲಿ ಜೆಲ್ ಬರ್ತದೆ. ಇದು ಕೇಳಿದ್ದೇ ನನ್ಗೆ ಮೊದಲ ಲ್ಯಾಬಿನ ಆ ಒಂದು ಹಾಳೆ ನೆನಪಾಗಿ ಕೈ ತಣ್ಣಗಾಯ್ತು. ಖಾಲಿ ಜೆಲ್ ನೋಡಿಯೇ ನಮಗೆ ನೆಗೆಟಿವ್ ಬರೆದ್ರಾ? ಇನ್ನು ಯಾವತ್ತೂ ಗೊತ್ತಾಗ್ಲಿಕ್ಕಿಲ್ಲ.

ನಮ್ಮ ಆ ಸೀಡಿಗೆ ವೈಟ್ ಸ್ಪಾಟ್ ಇರ್ಲಿಲ್ಲ. ಇಎಚ್‌ಪಿ ಇತ್ತು, ಎರಡನೇ ಸುತ್ತಲ್ಲಿ.

ಇಎಚ್‌ಪಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೇನೆ, ಯಾಕಂದ್ರೆ ಈಗ ವೈಟ್ ಸ್ಪಾಟಿಗಿಂತ ಇದು ಜಾಸ್ತಿ ಜನರನ್ನ ಸದ್ದಿಲ್ಲದೆ ಮುಳುಗಿಸ್ತಾ ಉಂಟು ಅಂತ ನನ್ನ ಅಭಿಪ್ರಾಯ. 2009ರಲ್ಲಿ ಥಾಯ್ಲೆಂಡಿನ ಟೈಗರ್ ಸಿಗಡಿಯಲ್ಲಿ ಇದನ್ನ ಗುರುತಿಸಿ ಹೆಸರಿಟ್ಟದ್ದು. ವೈರಸ್ಸೂ ಅಲ್ಲ ಬ್ಯಾಕ್ಟೀರಿಯವೂ ಅಲ್ಲ, ಶಿಲೀಂಧ್ರದ ಸಂಬಂಧಿ, ಮೈಕ್ರೋಸ್ಪೋರಿಡಿಯಾ ಅಂತಾರೆ. ಸಿಗಡಿಯ ತಲೆಯಲ್ಲಿರುವ ಹೆಪಟೋಪ್ಯಾಂಕ್ರಿಯಾಸ್, ಅಂದ್ರೆ ನಮ್ಮ ಲಿವರ್ ಇದ್ದ ಹಾಗೆ, ಅದರ ಒಳಗೆ ಕೂತು ತಿಂದದ್ದೆಲ್ಲ ಇದೇ ಹೀರ್ತದೆ. ಸಿಗಡಿ ಸಾಯೂದಿಲ್ಲ, ಬೆಳೆಯೂದೂ ಇಲ್ಲ. ಒಂದೇ ಕೆರೆಯಲ್ಲಿ ಒಂದು ದೊಡ್ಡದು ಒಂದು ಸಣ್ಣದು, ಫೀಡ್ ಮಾತ್ರ ಹೋಗ್ತಾನೇ ಇರ್ತದೆ, ಫೀಡಿನ ಸಾಲ ಏರ್ತಾನೇ ಇರ್ತದೆ. ಹಿಕ್ಕೆಯಲ್ಲಿ ಬೀಜಾಣು ಹೊರಗೆ ಬರ್ತದೆ, ಬೇರೆ ಸಿಗಡಿ ಅದನ್ನ ತಿಂತದೆ. ಇದಕ್ಕೆ ಔಷಧಿ ಇಲ್ಲ. ಅಂಗಡಿಯಲ್ಲಿ ಎಂತ ಡಬ್ಬ ಕೊಟ್ರೂ ಇಲ್ಲ.

ಹ್ಯಾಚರಿಗೆ ಫೋನ್ ಮಾಡಿ ಸೀಡ್ ಬೇಡ ಅಂದಾಗ ಅವರು ತಮ್ಮದೇ ನೆಗೆಟಿವ್ ರಿಪೋರ್ಟ್ ಕಳಿಸಿದ್ರು, ಜೋರೂ ಮಾಡಿದ್ರು. ನನ್ಗೆ ಯಾರನ್ನ ನಂಬೂದು ಗೊತ್ತಾಗ್ಲಿಲ್ಲ, ಮೇಡಂ ಹತ್ರವೇ ನೇರ ಕೇಳಿದೆ. ಅವರು ಸಿಟ್ಟು ಮಾಡ್ಲಿಲ್ಲ. ಇಎಚ್‌ಪಿ ನೋಡ್ಲಿಕ್ಕೆ ಒಂದಕ್ಕಿಂತ ಹೆಚ್ಚು ರೀತಿ ಉಂಟು, ಹಳೆ ರೀತಿಯಲ್ಲಿ ಇದರ ನೆಂಟರಾದ ಬೇರೆ ಮೈಕ್ರೋಸ್ಪೋರಿಡಿಯಾ ಇದ್ರೂ ಪಾಸಿಟಿವ್ ತೋರಿಸುವ ಅಪಾಯ ಉಂಟು, 2016ರಲ್ಲಿ ಬೀಜಾಣುವಿನ ಗೋಡೆಯ ಪ್ರೋಟೀನಿನ ಜೀನ್ ಹಿಡಿದು ನೋಡುವ ರೀತಿ ಬಂತು, ನಾವು ಅದನ್ನ ಮಾಡೂದು ಅಂದ್ರು. "ನಂಬಿಕೆ ಇಲ್ಲದಿದ್ರೆ ಇದೇ ಬಾಟಲಿಯ ಅರ್ಧ ಮರಿ ಕೊಡ್ತೇನೆ, ಬೇರೆ ಕಡೆ ಮಾಡಿಸಿ, ನನ್ಗೆ ಬೇಜಾರಿಲ್ಲ" ಅಂತ ಅವರೇ ಹೇಳಿದ್ರು. ಮಾಡಿಸಿದೆವು. ಅಲ್ಲಿಯೂ ಪಾಸಿಟಿವ್. ಹ್ಯಾಚರಿಯವರು ಸುಳ್ಳು ಹೇಳಿದ್ರು ಅಂತಲ್ಲ, ಅವರ ಸ್ಯಾಂಪಲ್ ಬೇರೆ ಟ್ಯಾಂಕಿದ್ದು ಇರಬಹುದು, ಮರಿ ಕಡಿಮೆ ಇರಬಹುದು. ನಮಗೆ ಅಡ್ವಾನ್ಸ್ ಸ್ವಲ್ಪ ಹೋಯ್ತು, ಕೆರೆ ಉಳೀತು.

ಇನ್ನೊಂದು ಹ್ಯಾಚರಿಯ ಸೀಡ್ ಎರಡಕ್ಕೂ ನೆಗೆಟಿವ್ ಬಂತು, 848 ಗೀಟು ಚೆನ್ನಾಗಿ ಕಾಣ್ತಿತ್ತು, ಹಾಕಿದೆವು. ಅದಕ್ಕೆ ಮುಂಚೆ ಕೆರೆ ತಯಾರಿಯೂ ಅವರೇ ಹೇಳಿದ ಹಾಗೆ. ಇಎಚ್‌ಪಿ ಬೀಜಾಣು ಮಣ್ಣಲ್ಲಿ ಕೂತ್ಕೊಳ್ತದೆ, ಸುಮ್ಮನೆ ಒಣಗಿಸಿದ್ರೆ ಸಾಲೂದಿಲ್ಲ. ಹೆಕ್ಟೇರಿಗೆ 6 ಟನ್ ಸುಟ್ಟ ಸುಣ್ಣ, ಮಾಮೂಲಿ ಕೃಷಿ ಸುಣ್ಣ ಅಲ್ಲ, ಉತ್ತು ಮಣ್ಣಿಗೆ ಸೇರಿಸಿ ನೀರು ಚಿಮುಕಿಸಿ ಪಿಎಚ್ 12ಕ್ಕೆ ಏರ್ಬೇಕು. ನಮ್ಮ ಒಂದು ಎಕರೆ ಕೆರೆಗೆ ಸುಮಾರು ಎರಡೂವರೆ ಟನ್ ಆಯ್ತು. ಸುಣ್ಣ ಹಾಕುವಾಗ ಕಣ್ಣಿಗೆ ಕನ್ನಡಕ, ಕಾಲಿಗೆ ಗಂಬೂಟು ಇಲ್ಲದೆ ಯಾರನ್ನೂ ಇಳಿಸ್ಬೇಡಿ, ಸುಡ್ತದೆ.

ಕ್ರಾಪ್ ನಡುವೆಯೂ ಅವರ ಸರ್ವಿಸ್ ಬಳಸಿದ್ದೇವೆ. ವಾರಕ್ಕೊಮ್ಮೆ ಕೆರೆ ನೀರು ಕಳಿಸಿದ್ರೆ ವಿಬ್ರಿಯೋ ಬ್ಯಾಕ್ಟೀರಿಯಾ ಎಣಿಸಿ ಹೇಳ್ತಾರೆ. ಹಸಿರು ಬಣ್ಣದ ಅಗರ್ ತಟ್ಟೆ, ಟಿಸಿಬಿಎಸ್ ಅಂತ, ಅದರ ಮೇಲೆ ಹಳದಿ ಚುಕ್ಕೆ ಬೇರೆ ಹಸಿರು ಚುಕ್ಕೆ ಬೇರೆ ಬೆಳೀತದೆ. ಸಕ್ಕರೆ ತಿನ್ನುವ ಜಾತಿ ಹಳದಿ, ತಿನ್ನದ್ದು ಹಸಿರು, ವಿಬ್ರಿಯೋ ಪ್ಯಾರಾಹೀಮೊಲಿಟಿಕಸ್ ಈ ಹಸಿರು ಗುಂಪಿದ್ದು. ಅದರದ್ದೇ ಒಂದು ಬಗೆಯಿಂದ ಇಎಂಎಸ್ ಅನ್ನುವ ರೋಗ ಬರೂದು ಅಂತ 2013ರಲ್ಲಿ ಅಮೆರಿಕದ ಅರಿಝೋನಾ ವಿಶ್ವವಿದ್ಯಾಲಯದ ಡೊನಾಲ್ಡ್ ಲೈಟ್ನರ್ ಅವರ ತಂಡ ಕಂಡುಹಿಡಿದದ್ದು, ಸೀಡ್ ಹಾಕಿದ ಮೊದಲ ತಿಂಗಳಲ್ಲೇ ಸಿಗಡಿ ಸಾಯುವ ರೋಗ ಅದು. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಇಎಂಎಸ್ ಅಲ್ಲ, ಅದಕ್ಕೆ ಆ ವಿಷದ ಜೀನ್ ಉಂಟಾ ಅಂತ ಬೇರೆ ಪಿಸಿಆರ್ ಮಾಡ್ಬೇಕು, ಹೆದರ್ಬೇಡಿ ಅಂತ ಅವರೇ ಸಮಾಧಾನ ಹೇಳಿದ್ರು. ಒಂದು ವಾರ ನಮ್ಮ ಎರಡನೇ ಕೆರೆಯಲ್ಲಿ ಹಸಿರು ಚುಕ್ಕೆ ಜಾಸ್ತಿ ಆದಾಗ ನಾನು ಆಂಟಿಬಯೋಟಿಕ್ ಹಾಕ್ಲಾ ಅಂತ ಕೇಳಿದ್ದಕ್ಕೆ ಮಾತ್ರ ಅವರ ದನಿ ಗಟ್ಟಿಯಾಯ್ತು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಎಲ್ಲ ನಿಷೇಧ ಆದದ್ದು, ಅದರ ಒಂದು ಚೂರು ಸಿಕ್ಕಿದ್ರೂ ಯುರೋಪಿಂದ ಕಂಟೇನರ್ ವಾಪಸ್ ಬರ್ತದೆ, ಇಡೀ ಕರಾವಳಿಯವರಿಗೆ ಪೆಟ್ಟು. ಫೀಡ್ ಇಳಿಸಿ, ತಳದ ಕೊಳೆ ತೆಗೀರಿ, ನೀರಿಗೆ ಗಾಳಿ ಬೆರೆಸುವ ಏರಿಯೇಟರ್ ಜಾಸ್ತಿ ಓಡಿಸಿ ಅಂದ್ರು. ಹತ್ತು ದಿನದಲ್ಲಿ ಇಳೀತು.

55ನೇ ದಿನಕ್ಕೆ ಅದೇ ಕೆರೆಯಲ್ಲಿ ಸೈಜು ಹೆಚ್ಚುಕಮ್ಮಿ ಕಾಣ್ಲಿಕ್ಕೆ ಶುರುವಾಯ್ತು. ಎದೆ ಡವಡವ. ಚೆಕ್ ಟ್ರೇಯಿಂದ ಹಿಕ್ಕೆ, ಹತ್ತು ಸಿಗಡಿಯ ಹೆಪಟೋಪ್ಯಾಂಕ್ರಿಯಾಸ್ ಎರಡೂ ಕಳಿಸಿದೆವು. ಇಎಚ್‌ಪಿ ಎರಡನೇ ಸುತ್ತಲ್ಲಿ ಪಾಸಿಟಿವ್, ಕಡಿಮೆ ಪ್ರಮಾಣ. ಸೀಡಲ್ಲಿ ಇಲ್ಲದ್ದು ಹೇಗೆ ಬಂತು? ಮಣ್ಣಲ್ಲಿ ಉಳಿದಿತ್ತೋ, ನೀರಲ್ಲಿ ಬಂತೋ, ಆ 150 ಮರಿಯ ಲೆಕ್ಕದಲ್ಲಿ ತಪ್ಪಿ ಹೋಗುವ ನೂರಕ್ಕೆ ಐದರಲ್ಲಿ ನಾವು ಬಿದ್ದೆವೋ, ಮೇಡಂ ಮೂರನ್ನೂ ಹೇಳಿದ್ರು, ತಮ್ಮ ಟೆಸ್ಟೇ ತಪ್ಪಿರಬಹುದು ಅನ್ನೂದನ್ನೂ ಸೇರಿಸಿ ಹೇಳಿದ್ರು. ಕಾದು ಕೂತ್ರೆ ಫೀಡ್ ದಂಡ ಅಂತ ಅಣ್ಣ ಲೆಕ್ಕ ಹಾಕಿ 78ನೇ ದಿನಕ್ಕೆ 65 ಕೌಂಟಿಗೆ (ಕಿಲೋಗೆ 65 ಸಿಗಡಿ) ಆ ಕೆರೆ ಹಿಡಿಸಿದ. ದೊಡ್ಡ ಲಾಭ ಇಲ್ಲ, ನಷ್ಟವೂ ಇಲ್ಲ. ಇನ್ನೊಂದು ಕೆರೆ 40 ಕೌಂಟಿನವರೆಗೆ ಹೋಯ್ತು, ಮೊದಲ ವರ್ಷದ ಸಾಲದಲ್ಲಿ ಅರ್ಧಕ್ಕಿಂತ ಹೆಚ್ಚು ತೀರಿತು. ಹಿಡಿಯುವ ದಿನ ಬಲೆ ಎಳೆದು ದಂಡೆಗೆ ಹಾಕಿದಾಗ ಸಿಗಡಿ ಎಲ್ಲ ಚಟಪಟ ಹಾರ್ತಿತ್ತು, ಕೆರೆ ನೋಡ್ಕೊಳ್ಳುವ ಅಣ್ಣ ಒಂದನ್ನ ಎತ್ತಿ ಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ರು. ಗಾಜಿನ ಹಾಗೆ ಸ್ವಚ್ಛ ಇತ್ತು. ನಾನು ಅಲ್ಲೇ ಅತ್ತೆ.

ಅರ್ಧ ಸ್ಟಾರ್ ಕಟ್ ಮಾಡಿದ್ದಕ್ಕೆ ಕಾರಣ. ಭಾನುವಾರ ಬಂದ್, ಸಿಗಡಿಗೆ ಭಾನುವಾರ ಅಂತ ಇಲ್ಲ. ರಿಪೋರ್ಟ್ ಇಂಗ್ಲಿಷಲ್ಲಿ ಮಾತ್ರ, ನಮ್ಮ ಕಡೆ ಕೆರೆ ಮಾಡುವ ಎಷ್ಟೋ ಹಿರಿಯರಿಗೆ ಅದು ಓದ್ಲಿಕ್ಕೆ ಬರೂದಿಲ್ಲ, ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಡಿ ಅಂತ ಕೇಳಿದ್ದೇನೆ, ನೋಡುವ ಅಂದಿದ್ದಾರೆ. ಅಂಗಾಂಶ ಕತ್ತರಿಸಿ ಬಣ್ಣ ಹಾಕಿ ನೋಡುವ ಹಿಸ್ಟೋಪೆಥಾಲಜಿ ಅಲ್ಲಿ ಇಲ್ಲ, ಅದು ಬೇಕಾದ್ರೆ ಬೇರೆ ಕಡೆ ಕಳಿಸ್ಬೇಕು. ಕಾರಣ ಗೊತ್ತಾಗದ ಸಾವಿಗೆ ಅದು ಬೇಕೇ ಬೇಕು, ಪಿಸಿಆರ್ ನಾವು ಕೇಳಿದ ರೋಗಕ್ಕೆ ಮಾತ್ರ ಉತ್ತರ ಕೊಡ್ತದೆ, ಕೇಳದೇ ಇದ್ದದ್ದಕ್ಕೆ ಕೊಡೂದಿಲ್ಲ. ರೇಟು ವೈಟ್ ಸ್ಪಾಟ್, ಇಎಚ್‌ಪಿ ಎರಡೂ ಸೇರಿ ನಮಗೆ ಮೂರು ಸಾವಿರದ ಹತ್ರ ಆಯ್ತು. ಮೊದಲ ಲ್ಯಾಬಿಗಿಂತ ಜಾಸ್ತಿ, ಒಂದು ದಿನದ ಫೀಡಿಗಿಂತ ಕಡಿಮೆ.

ಹ್ಯಾಚರಿಯವರು ಎಸ್‌ಪಿಎಫ್ ಸೀಡ್ ಅಂದ್ರೆ ಟೆಸ್ಟ್ ಬೇಡ ಅಂತ ಕೆಲವರು ಹೇಳ್ತಾರೆ, ಅದಕ್ಕೂ ಒಂದು ಮಾತು. 2009ರಲ್ಲಿ ವೆನಾಮಿಗೆ ಅನುಮತಿ ಕೊಟ್ಟಾಗಿಂದ ಹೊರದೇಶದ ತಾಯಿ ಸಿಗಡಿ ಚೆನ್ನೈಯ ಕ್ವಾರಂಟೈನ್ ದಾಟಿ ಬರ್ತದೆ, ಅದು ಒಳ್ಳೆ ವ್ಯವಸ್ಥೆ. ಆದ್ರೆ ಎಸ್‌ಪಿಎಫ್ ಅಂದ್ರೆ ಪಟ್ಟಿಯಲ್ಲಿರುವ ಇಂತಿಂಥ ರೋಗ ಆ ತಾಯಿಯಲ್ಲಿ ಇಲ್ಲ ಅಂತ ಮಾತ್ರ ಅರ್ಥ, ಅದರ ಮರಿಗೆ ಮುಂದೆ ರೋಗ ತಾಗೂದಿಲ್ಲ ಅಂತಲ್ಲ. ಕ್ವಾರಂಟೈನ್ ದಾಟಿ ಬಂದ ಮೇಲೂ ಹ್ಯಾಚರಿಯಲ್ಲಿ ತಾಯಿಗೆ ಹಾಕುವ ಜೀವಂತ ಹುಳದಿಂದ ಇಎಚ್‌ಪಿ ಬರಬಹುದು. ಮತ್ತೆ ಸಿಗಡಿಗೆ ನಮ್ಮ ಹಾಗೆ ಆಂಟಿಬಾಡಿ ಮಾಡುವ ಶಕ್ತಿ ಇಲ್ಲ, ಮಕ್ಕಳಿಗೆ ಕೊಟ್ಟ ಹಾಗೆ ಲಸಿಕೆ ಕೊಟ್ಟು ನೆಮ್ಮದಿಯಲ್ಲಿ ಕೂರ್ಲಿಕ್ಕೆ ಆಗೂದಿಲ್ಲ.

ನೀವು ಯಾವ ಲ್ಯಾಬಿಗೇ ಹೋಗಿ, ಎಷ್ಟು ಮರಿ ಬೇಕು ಅಂತ ಕೇಳಿ. 150ಕ್ಕಿಂತ ಕಡಿಮೆ ಸಾಕು ಅಂದ್ರೆ ಯಾಕೆ ಅಂತ ಕೇಳಿ. ಜೆಲ್ ಫೋಟೋ ಕೊಡ್ತೀರಾ, ಅದರಲ್ಲಿ ಸಿಗಡಿಯದ್ದೇ ಡಿಎನ್ಎ ಗೀಟು ಇರ್ತದಾ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕಿದ್ರೆ ಎದ್ದು ಬನ್ನಿ.

ನಮ್ಮ ಮುಂದಿನ ಸೀಡ್ ಬರೂದು ಬುಧವಾರ. ಎಥನಾಲ್ ಬಾಟಲಿ ಎರಡು ಮನೆಯಲ್ಲಿ ಉಂಟು, ಈ ಸಲ ಅಣ್ಣನೇ ಹ್ಯಾಚರಿಗೆ ಹೋಗಿ ಟ್ಯಾಂಕಿಂದ ಎಣಿಸಿ ಹಾಕ್ತಾನೆ, ಅದಕ್ಕೆ ಮುಂಚಿನ ಶನಿವಾರ ಹನ್ನೊಂದರ ಒಳಗೆ ಮೇಡಂ ಕೈಗೆ ಮುಟ್ಟಿಸ್ಬೇಕು. ರಿಪೋರ್ಟ್ ಬಂದ ಮೇಲೆ ಇಲ್ಲೇ ಕೆಳಗೆ ಸೇರಿಸ್ತೇನೆ.